ಪ್ರಾಸ್ಟೇಟ್ ಆಪರೇಷನ್ ನಂತರ ಮೂತ್ರ ಸೋರಿಕೆ: ಯಾವ ಸೋರಿಕೆಗೆ ಯಾವ ಗುಳಿಗೆ

ನಾನು ಬಾಗಲಕೋಟೆಯವನು. 31 ವರ್ಷದಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಮೊದಲು ಹಳೇ ಊರಿನಲ್ಲಿತ್ತು, ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ನವನಗರಕ್ಕೆ ಬಂದೆವು. ಮೂತ್ರ ಸೋರಿಕೆಯ ಗುಳಿಗೆಗಳನ್ನು ಎಷ್ಟು ಜನರ ಕೈಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. 2022ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ನನಗೇ ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆಯಿತು. ಇಡೀ ಗ್ರಂಥಿಯನ್ನೇ ತೆಗೆದರು. 12ನೇ ದಿನ ಮೂತ್ರಕ್ಕೆ ಹಾಕಿದ್ದ ನಳಿಕೆ, ಅಂದರೆ ಕ್ಯಾಥೆಟರ್, ತೆಗೆದರು. ಹತ್ತು ನಿಮಿಷ ಆಗಿರಲಿಲ್ಲ, ಮಂಚದಿಂದ ಎದ್ದು ನಿಂತೆ, ಕಾಲಗುಂಟ ಇಳಿಯಿತು.

ಡಿಸ್ಚಾರ್ಜ್ ಚೀಟಿಯಲ್ಲಿ ಗಾಯದ ಬಗ್ಗೆ, ಊಟದ ಬಗ್ಗೆ, ಭಾರ ಎತ್ತುವ ಬಗ್ಗೆ ಎಲ್ಲ ಬರೆದಿತ್ತು. ಸೋರಿಕೆ ಬಗ್ಗೆ ಒಂದು ಸಾಲೂ ಇರಲಿಲ್ಲ. ಊರಿಗೆ ಬರುವಾಗ ಯರಗಟ್ಟಿಯಲ್ಲಿ ಒಮ್ಮೆ, ಲೋಕಾಪುರದಲ್ಲಿ ಒಮ್ಮೆ ಕಾರು ನಿಲ್ಲಿಸಿ ಪಂಚೆ ಬದಲಿಸಿದೆ. ಹೆಂಡತಿ ಕಾರಿನ ಬಾಗಿಲಿಗೆ ಸೀರೆ ಸೆರಗು ಅಡ್ಡ ಹಿಡಿದು ನಿಂತಿದ್ದಳು. ಅದನ್ನು ಮರೆಯಲು ಆಗುವುದಿಲ್ಲ.

ಗಂಡಸರು ಈ ವಿಷಯ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಅಂಗಡಿಗೆ ಬರುತ್ತಾರೆ, ಬೇರೆ ಗಿರಾಕಿ ಹೋಗುವ ತನಕ ಸುಮ್ನೆ ನಿಲ್ಲುತ್ತಾರೆ, ಆಮೇಲೆ ದನಿ ಇಳಿಸಿ, "ಸೋರೂದಕ್ಕ ಏನರ ಗುಳಿಗಿ ಐತೇನ್ರಿ?" ಅಂತಾರೆ. ಐತಿ. ಆದರೆ ಒಂದೇ ಗುಳಿಗೆ ಎಲ್ಲರಿಗೂ ಅಲ್ಲ. ಒಂದು ತರಹದ ಸೋರಿಕೆಗೆ ಕೊಡುವ ಗುಳಿಗೆ ಇನ್ನೊಂದು ತರಹದ್ದಕ್ಕೆ ಏನೂ ಮಾಡುವುದಿಲ್ಲ. ಕೆಲವು ಸಲ ಇದ್ದದ್ದನ್ನು ಹೆಚ್ಚು ಮಾಡುತ್ತದೆ. ಹಾಗಾಗಿ ಮೊದಲು ನಿಮ್ಮದು ಯಾವ ಸೋರಿಕೆ ಅಂತ ಗೊತ್ತಾಗಬೇಕು, ಗುಳಿಗೆ ಆಮೇಲೆ.

ನಾನು ಮಾಡಿದ ತಪ್ಪು

ಡಿಸೆಂಬರ್ ನಡುವೆ, ಯಾರನ್ನೂ ಕೇಳದೆ, ನನ್ನ ಅಂಗಡಿಯ ಕಪಾಟಿನಿಂದಲೇ ಸೊಲಿಫೆನಾಸಿನ್ 5 ಮಿ.ಗ್ರಾಂ ಸ್ಟ್ರಿಪ್ ತೆಗೆದುಕೊಂಡೆ. ಸೋರಿಕೆಗೆ ಡಾಕ್ಟರುಗಳು ಜಾಸ್ತಿ ಬರೆಯುವುದು ಅದನ್ನೇ ಅಂತ ತಲೆಯಲ್ಲಿತ್ತು. ಒಂದು ವಾರಕ್ಕೆ ಬಾಯಿ ಒಣಗಿ ನಾಲಗೆ ಅಂಟತೊಡಗಿತು. ಒಣಗಿದ್ದಕ್ಕೆ ನೀರು ಜಾಸ್ತಿ ಕುಡಿದೆ. ಮಲಬದ್ಧತೆ ಶುರುವಾಯಿತು. ಸಂಡಾಸಿನಲ್ಲಿ ತಿಣುಕಿದಾಗಲೆಲ್ಲ ಮೂತ್ರ ಚಿಮ್ಮುತ್ತಿತ್ತು. ನಾಲ್ಕು ವಾರ ನುಂಗಿದೆ. ಪ್ಯಾಡು ಮೂರರಿಂದ ನಾಲ್ಕಾಯಿತು.

ಜನವರಿಯಲ್ಲಿ ಬೆಳಗಾವಿಗೆ ಹೋದಾಗ ಮೂತ್ರರೋಗದ ಡಾಕ್ಟರು, ಅಂದರೆ ಯುರಾಲಜಿಸ್ಟ್, ಕೇಳಿದ್ದು ಮೂರೇ ಪ್ರಶ್ನೆ. ರಾತ್ರಿ ಮಲಗಿದಾಗ ಒಣ ಇರ್ತದೋ ಇಲ್ಲವೋ? ಸೋರುವ ಮುಂಚೆ ಅವಸರ ಆಗ್ತದೋ, ಸುಮ್ನೆ ಹೋಗಿಬಿಡ್ತದೋ? ಸಂಜೆ ಹೊತ್ತಿಗೆ ಜಾಸ್ತಿಯೋ, ಬೆಳಿಗ್ಗೆ ಜಾಸ್ತಿಯೋ? ರಾತ್ರಿ ಒಣ, ಅವಸರ ಇಲ್ಲ, ಸಂಜೆ ಜಾಸ್ತಿ ಅಂದೆ. "ಹಾಗಾದರೆ ನಿಮ್ಮ ಮೂತ್ರಚೀಲ ಚೆನ್ನಾಗೇ ಇದೆ, ಈ ಗುಳಿಗೆ ಯಾಕೆ ತಗೊಂಡ್ರಿ?" ಅಂದರು. ಅವತ್ತೇ ನಿಲ್ಲಿಸಿದೆ.

ಚೀಲ ಮತ್ತು ಗೇಟು

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಆಲಮಟ್ಟಿ ನೋಡಿದ್ದೀರಲ್ಲ. ನೀರು ನಿಲ್ಲುವ ಜಾಗ ಒಂದು, ತಡೆಯುವ ಗೇಟು ಒಂದು. ಮೂತ್ರಚೀಲ ನೀರು ನಿಲ್ಲುವ ಜಾಗ. ಅದರ ಕೆಳಗೆ ಗೇಟು. ಗಂಡಸಿಗೆ ಈ ಗೇಟು ಎರಡಿವೆ. ಒಂದು ಚೀಲದ ಕುತ್ತಿಗೆಯಲ್ಲಿ, ತಾನಾಗಿಯೇ ಬಿಗಿದಿರುತ್ತದೆ. ಇನ್ನೊಂದು ಪ್ರಾಸ್ಟೇಟಿನ ಕೆಳಗೆ, ನಾವು ಬೇಕೆಂದಾಗ ಬಿಗಿಯುವುದು. ಕ್ಯಾನ್ಸರಿಗೆ ಇಡೀ ಪ್ರಾಸ್ಟೇಟ್ ತೆಗೆದಾಗ ಮೇಲಿನ ಗೇಟಿನ ಬಲ ಹೆಚ್ಚೂಕಡಿಮೆ ಅದರ ಜೊತೆಗೇ ಹೋಗುತ್ತದೆ. ಉಳಿದ ಕೆಳಗಿನ ಗೇಟೊಂದೇ ಎಲ್ಲ ಒತ್ತಡ ತಡೆಯಬೇಕು. ಅದಕ್ಕೆ ಆ ಅಭ್ಯಾಸ ಇಲ್ಲ. ಅದರ ನರಗಳೂ ಆಪರೇಷನ್ನಿನಲ್ಲಿ ಸ್ವಲ್ಪ ಎಳೆದಾಡಿರುತ್ತವೆ.

ಗೇಟು ಸಡಿಲ ಇದ್ದರೆ ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಕುರ್ಚಿಯಿಂದ ಏಳುವಾಗ, ಭಾರ ಎತ್ತುವಾಗ ಹೋಗುತ್ತದೆ. ಮಲಗಿದಾಗ ಒತ್ತಡ ಇಲ್ಲ, ಅದಕ್ಕೇ ಒಣ. ಸಂಜೆ ಸ್ನಾಯು ದಣಿದಿರುತ್ತದೆ, ಅದಕ್ಕೇ ಜಾಸ್ತಿ. ನನ್ನ ಅಂಗಡಿ ಪಕ್ಕ ಖಾರ ಕುಟ್ಟುವ ಗಿರಣಿ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೆಂಗಸರು ವರ್ಷದ ಮಸಾಲೆ ಖಾರಕ್ಕೆ ಮೆಣಸಿನಕಾಯಿ ತರುತ್ತಾರೆ. ಆ ಘಾಟಿಗೆ ಓಣಿಯೆಲ್ಲ ಸೀನುತ್ತದೆ. ಒಂದೊಂದು ಸೀನಿಗೂ ನನ್ನ ಪ್ಯಾಡು ತೊಯ್ಯುತ್ತಿತ್ತು.

ಇನ್ನೊಂದು ತರಹ ಬೇರೆಯೇ. ಅಲ್ಲಿ ಗೇಟು ಸರಿ ಇದೆ, ಚೀಲವೇ ಹೇಳದೆ ಕೇಳದೆ ಹಿಂಡುತ್ತದೆ. ನನ್ನ ಹೆಂಡತಿಯ ಅಣ್ಣ ಗುಳೇದಗುಡ್ಡದಲ್ಲಿ ಖಣ ನೇಯುತ್ತಾರೆ, 71 ವರ್ಷ. ಅವರಿಗೆ ಕ್ಯಾನ್ಸರ್ ಅಲ್ಲ, ಪ್ರಾಸ್ಟೇಟ್ ದೊಡ್ಡದಾಗಿತ್ತು, ಒಳಗಿಂದಲೇ ಹೆರೆದು ತೆಗೆಯುವ ಟಿಯುಆರ್‌ಪಿ ಆಯಿತು. ಕೆಮ್ಮಿದರೆ ಅವರಿಗೆ ಏನೂ ಆಗುವುದಿಲ್ಲ. ಆದರೆ ಕುಣಿ ಮಗ್ಗದಲ್ಲಿ ಕೂತಿರುವಾಗ ಒಮ್ಮೆಗೇ ಅವಸರ ಬರುತ್ತದೆ. ಲಾಳಿ ಬಿಟ್ಟು, ಕುಣಿಯಿಂದ ಕಾಲು ಮೇಲೆ ತೆಗೆದು, ಹಿತ್ತಲು ಮುಟ್ಟುವಷ್ಟರಲ್ಲಿ ಅರ್ಧ ಆಗಿಹೋಗಿರುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳುತ್ತಿದ್ದರು. ನಲ್ಲಿ ನೀರಿನ ಸದ್ದು ಕೇಳಿದರೂ ಸಾಕು.

ಎರಡೂ ಕೂಡಿ ಇರುವವರೂ ಇದ್ದಾರೆ. ಮೂರನೇ ತರಹದ್ದು ಮೋಸದ್ದು, ಅದನ್ನು ಮರೆಯಬೇಡಿ. ಚೀಲ ಖಾಲಿಯೇ ಆಗುವುದಿಲ್ಲ, ತುಂಬಿ ಹೊರಚೆಲ್ಲುತ್ತದೆ. ಧಾರೆ ಸಣ್ಣ, ತಿಣುಕಬೇಕು, ಹೋಗಿ ಬಂದರೂ ಹೊಟ್ಟೆ ಕೆಳಗೆ ತುಂಬಿದ ಹಾಗೆ, ದಿನವಿಡೀ ಹನಿ ಹನಿ. ಆಪರೇಷನ್ ಆದ ಜಾಗ ಗಾಯ ಮಾಯುವಾಗ ಬಿಗಿದುಕೊಂಡರೆ ಹೀಗಾಗುತ್ತದೆ. ಇದಕ್ಕೆ ಸೋರಿಕೆಯ ಗುಳಿಗೆ ನುಂಗಿದರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಮೂತ್ರಕ್ಕೆ ಹೋಗಿ ಬಂದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗ್ ಮಾಡುತ್ತಾರಲ್ಲ, ಅದು ಇದಕ್ಕೇ. ಆ ಸ್ಕ್ಯಾನಿಂಗ್ ಮತ್ತು ಸೋಂಕು ನೋಡುವ ಮೂತ್ರ ಪರೀಕ್ಷೆ, ಇವೆರಡೂ ಆಗದೆ ಚೀಲದ ಗುಳಿಗೆ ಶುರು ಮಾಡಬೇಡಿ. ಸೋಂಕೊಂದೇ ಸಾಕು, ಅವಸರವನ್ನೂ ಉರಿಯನ್ನೂ ತರಲು.

ಹೋಗಿ ಬಂದು ಪಂಚೆ ಸರಿಮಾಡಿಕೊಂಡ ಮೇಲೆ ನಾಲ್ಕು ಹನಿ ಬೀಳುವುದು ಇನ್ನೂ ಬೇರೆ. ಅದಕ್ಕೆ ಗುಳಿಗೆ ಬೇಡ. ವೃಷಣದ ಚೀಲದ ಹಿಂದೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ಮುಂದಕ್ಕೆ ಜಾರಿಸಿ. ನಳಿಕೆಯಲ್ಲಿ ನಿಂತದ್ದು ಹೊರಗೆ ಬರುತ್ತದೆ.

ಮೂರು ದಿನದ ವಹಿ

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಮೂರು ದಿನ ಬರೆದಿಡಿ. ನಾನು ಅಂಗಡಿಯ ಉದ್ರಿ ವಹಿಯ ಹಿಂದಿನ ಪುಟದಲ್ಲಿ ಬರೆದೆ. ಎಷ್ಟು ಗಂಟೆಗೆ ಏನು ಕುಡಿದೆ, ಎಷ್ಟು ಗಂಟೆಗೆ ಮೂತ್ರಕ್ಕೆ ಹೋದೆ, ಎಷ್ಟು ಎಂ.ಎಲ್., ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದೆ. ಅಳೆಯಲು ಹಳೇ ಪ್ಲಾಸ್ಟಿಕ್ ಅಳತೆ ಲೋಟ ಸಾಕು. ಪ್ಯಾಡು ತೂಗಿ ನೋಡಿ. ಒಣ ಪ್ಯಾಡು ನನ್ನ ಅಡುಗೆಮನೆಯ ತಕ್ಕಡಿಯಲ್ಲಿ 45 ಗ್ರಾಂ, ತೊಯ್ದದ್ದು 130. ಅಂದರೆ 85 ಗ್ರಾಂ, ಅಂದರೆ ಸುಮಾರು 85 ಎಂ.ಎಲ್. ಸೋರಿದೆ. ದಿನದ್ದು ಕೂಡಿಸಿದರೆ ನನ್ನದು 260 ಇತ್ತು. "ಭಾಳ ಸೋರ್ತದ್ರಿ" ಅನ್ನುವುದಕ್ಕಿಂತ ಈ ಒಂದು ಸಂಖ್ಯೆ ಡಾಕ್ಟರಿಗೆ ಜಾಸ್ತಿ ಹೇಳುತ್ತದೆ. ಗುಳಿಗೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವುದೂ ಮುಂದೆ ಇದರಿಂದಲೇ ಗೊತ್ತಾಗುವುದು.

ವಹಿ ಬರೆದಾಗ ನನಗೆ ಇನ್ನೊಂದು ಕಂಡಿತು. ದಿನಕ್ಕೆ ಏಳು ಕಪ್ ಚಹಾ. ಕೌಂಟರಿಗೆ ಬರುತ್ತಿತ್ತು, ಕುಡಿಯುತ್ತಿದ್ದೆ. ಎರಡಕ್ಕೆ ಇಳಿಸಿದೆ. ನೀರನ್ನು ಮಾತ್ರ ಕಡಿಮೆ ಮಾಡಬೇಡಿ. ನಮ್ಮ ಬೇಸಿಗೆಯಲ್ಲಿ ನೀರು ಬಿಟ್ಟರೆ ಮೂತ್ರ ದಟ್ಟವಾಗಿ ಚೀಲವನ್ನೇ ಕೆರಳಿಸುತ್ತದೆ.

ಮೊದಲು ಹಳೇ ಗುಳಿಗೆಗಳನ್ನು ನೋಡಿ

ಹೊಸ ಗುಳಿಗೆ ಸೇರಿಸುವ ಮುಂಚೆ ಈಗಾಗಲೇ ನುಂಗುತ್ತಿರುವುದನ್ನೆಲ್ಲ ಒಂದು ಕೈಚೀಲಕ್ಕೆ ಹಾಕಿಕೊಂಡು ಡಾಕ್ಟರ್ ಟೇಬಲ್ ಮೇಲೆ ಸುರಿಯಿರಿ. ನಮ್ಮ ಗುಳೇದಗುಡ್ಡದ ಭಾವನ ಕೈಚೀಲದಲ್ಲಿ ಟ್ಯಾಮ್ಸುಲೋಸಿನ್ ಇತ್ತು. ಆಪರೇಷನ್ ಮುಂಚೆ ಮೂತ್ರ ಸಲೀಸಾಗಿ ಹೋಗಲಿ ಅಂತ ಕೊಟ್ಟದ್ದು. ಅದು ಚೀಲದ ಕುತ್ತಿಗೆಯನ್ನು ಸಡಿಲ ಮಾಡುವ ಔಷಧ. ಆಪರೇಷನ್ ಆಗಿ ಎರಡು ತಿಂಗಳಾದರೂ ಹಳೇ ಚೀಟಿ ತೋರಿಸಿ ಕೊಳ್ಳುತ್ತಲೇ ಇದ್ದರು. ಯಾರೂ ನಿಲ್ಲಿಸಿ ಅಂದಿರಲಿಲ್ಲ, ಇವರೂ ಕೇಳಿರಲಿಲ್ಲ. ಡಾಕ್ಟರು ನೋಡಿದ ಕೂಡಲೇ ನಿಲ್ಲಿಸಿದರು.

ಸಕ್ಕರೆ ಕಾಯಿಲೆಗೆ ಡಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಮೂತ್ರದಲ್ಲೇ ಹೊರಗೆ ಹೋಗುತ್ತದೆ, ಅದರ ಜೊತೆ ನೀರೂ ಹೋಗುತ್ತದೆ. ಸೋರುವವರಿಗೆ ಇದು ಹೊರೆ. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವ ಕೆಲವರಿಗೆ ಒಣಕೆಮ್ಮು ಬಿಡುವುದೇ ಇಲ್ಲ, ಕೆಮ್ಮಿದಾಗಲೆಲ್ಲ ಗೇಟಿನ ಮೇಲೆ ಒತ್ತಡ. ಕಾಲು ಬಾವು ಇಳಿಯಲು ಕೊಡುವ, ಮೂತ್ರ ಹೆಚ್ಚು ಮಾಡುವ ನೀರಿನ ಗುಳಿಗೆಯನ್ನು ಸಂಜೆ ನುಂಗಿದರೆ ರಾತ್ರಿ ನಿದ್ದೆ ಹೋಯಿತು. ಇವುಗಳಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಬದಲಿ ಇದೆಯಾ, ಹೊತ್ತು ಬದಲಿಸಬಹುದಾ ಅಂತ ಕೇಳಿ. ಎಷ್ಟೋ ಜನರಿಗೆ ಇಷ್ಟರಲ್ಲೇ ಅರ್ಧ ಕಡಿಮೆಯಾಗುತ್ತದೆ.

ಗೇಟಿನ ವ್ಯಾಯಾಮ

ಗುಳಿಗೆ ಬಗ್ಗೆ ಬರೆಯುತ್ತೇನೆ ಅಂದು ವ್ಯಾಯಾಮಕ್ಕೆ ಬಂದೆ ಅನ್ನಬೇಡಿ. ಗೇಟು ಸಡಿಲ ಇರುವವರಿಗೆ ಇದೇ ಮೊದಲ ಔಷಧ. ನನಗೂ ಡಾಕ್ಟರು ಮೂರು ತಿಂಗಳು ಇದನ್ನೇ ಕೊಟ್ಟರು, ಗುಳಿಗೆ ಕೊಡಲಿಲ್ಲ.

ನಾಲ್ಕು ಜನರ ನಡುವೆ ಕೂತಾಗ ಗಾಳಿ ತಡೆಯುತ್ತೀರಲ್ಲ, ಆ ಬಿಗಿತ. ಅದರ ಜೊತೆಗೆ ಶಿಶ್ನದ ಬುಡವನ್ನು ಒಳಗೆ ಎಳೆದುಕೊಂಡ ಹಾಗೆ. ಕನ್ನಡಿ ಮುಂದೆ ನಿಂತು ನೋಡಿದರೆ ಬುಡ ಸ್ವಲ್ಪ ಒಳಸರಿದು ವೃಷಣ ಮೇಲೆದ್ದದ್ದು ಕಾಣಬೇಕು. ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು, ಉಸಿರು ಹಿಡಿಯಬಾರದು. ಐದು ಸೆಕೆಂಡ್‌ನಿಂದ ಶುರುಮಾಡಿ ಹತ್ತಕ್ಕೆ ಏರಿಸಿ, ಹಿಡಿದಷ್ಟೇ ಹೊತ್ತು ಸಡಿಲ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಲಗಿ, ಕೂತು, ನಿಂತು, ಮೂರೂ ರೀತಿ. ಮೂತ್ರ ಹೋಗುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಚೀಲ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ನನಗೆ ಎಲ್ಲಕ್ಕಿಂತ ಉಪಯೋಗ ಆದದ್ದು ಒಂದು ಸಣ್ಣ ರೂಢಿ. ಕುರ್ಚಿಯಿಂದ ಏಳುವ ಮೊದಲು ಬಿಗಿ, ಆಮೇಲೆ ಏಳು. ಸೀನು ಮೂಗಿನ ತುದಿಗೆ ಬಂದಾಗ ಬಿಗಿ, ಆಮೇಲೆ ಸೀನು. ಮೇಲಿನ ಕಪಾಟಿನಿಂದ ಸಲೈನ್ ಡಬ್ಬ ಇಳಿಸುವ ಮೊದಲು ಬಿಗಿ. ಮೂರು ತಿಂಗಳಿಗೆ 260 ಇದ್ದದ್ದು 140ಕ್ಕೆ ಬಂತು.

ಡುಲೋಕ್ಸೆಟಿನ್: ಗೇಟಿನ ಗುಳಿಗೆ

ಏಪ್ರಿಲ್‌ನಲ್ಲಿ ಗಿರಣಿ ಶುರುವಾಗಿ ನಾನು ಸೋತೆ. ಆಗ ಡಾಕ್ಟರು ಡುಲೋಕ್ಸೆಟಿನ್ ಬರೆದರು. ಚೀಟಿ ನೋಡಿ ಹೆಂಡತಿ ಗಾಬರಿಯಾದಳು. ಮೊಬೈಲಿನಲ್ಲಿ ಹುಡುಕಿದರೆ ಖಿನ್ನತೆಯ ಔಷಧ ಅಂತ ಬರುತ್ತದೆ. "ನಿಮಗ ತಲಿಗೆ ಏನರ ಆಗೇತೇನು?" ಅಂತ ಕೇಳಿದಳು. ಇದು ಎಷ್ಟೋ ಮನೆಗಳಲ್ಲಿ ಆಗುತ್ತದೆ, ಗುಳಿಗೆ ಮುಟ್ಟದೆ ಬಿಟ್ಟವರನ್ನು ನಾನು ಬಲ್ಲೆ. ಅದಕ್ಕೆ ಬಿಡಿಸಿ ಹೇಳುತ್ತೇನೆ.

ಕೆಳಗಿನ ಗೇಟಿಗೆ ಬಿಗಿ ಅಂತ ಹೇಳುವ ನರದ ಗೂಡು ಬೆನ್ನುಹುರಿಯ ಕೆಳಭಾಗದಲ್ಲಿದೆ. ಓನುಫ್ ನ್ಯೂಕ್ಲಿಯಸ್ ಅಂತ ಹೆಸರು. ಸೆರೊಟೋನಿನ್, ನಾರ್‌ಅಡ್ರಿನಾಲಿನ್ ಎಂಬ ಎರಡು ರಸಗಳು ಅಲ್ಲಿ ಜಾಸ್ತಿ ಹೊತ್ತು ಉಳಿದರೆ ಗೇಟಿಗೆ ಹೋಗುವ ಹುಕುಂ ಜೋರಾಗುತ್ತದೆ. ಡುಲೋಕ್ಸೆಟಿನ್ ಅವನ್ನು ಉಳಿಸುತ್ತದೆ. ಖಿನ್ನತೆಯಲ್ಲಿ ಮಿದುಳಿನಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಬೆನ್ನುಹುರಿಯಲ್ಲಿ ಮಾಡುತ್ತದೆ. ತಲೆ ಕೆಟ್ಟದ್ದಕ್ಕೆ ಕೊಟ್ಟದ್ದಲ್ಲ.

ಯುರೋಪಿನಲ್ಲಿ 2004ರಿಂದ ಹೆಂಗಸರ ಕೆಮ್ಮು ಸೀನಿನ ಸೋರಿಕೆಗೆ ಇದಕ್ಕೆ ಅನುಮತಿ ಇದೆ. ಅಮೆರಿಕದಲ್ಲಿ ಸೋರಿಕೆಗೆ ಅನುಮತಿ ಇಲ್ಲ. ಗಂಡಸರಿಗೆ ಪ್ರಾಸ್ಟೇಟ್ ಆಪರೇಷನ್ ನಂತರ ಕೊಡುವುದು ಡಬ್ಬಿಯ ಮೇಲೆ ಬರೆಯದ ಬಳಕೆ. ಅನುಭವ ಇರುವ ಯುರಾಲಜಿಸ್ಟರು ಯೋಚಿಸಿ ಕೊಡುತ್ತಾರೆ. ಇದು ಗೇಟನ್ನು ಗುಣ ಮಾಡುವುದಿಲ್ಲ. ವ್ಯಾಯಾಮದಿಂದ ಸ್ನಾಯು ಬಲವಾಗುವ ತನಕ ಊರುಗೋಲಿನ ಹಾಗೆ ನಿಲ್ಲುತ್ತದೆ. ಇಷ್ಟನ್ನೇ ಅದರಿಂದ ನಿರೀಕ್ಷಿಸಿ.

ನನಗೆ ಕೊಟ್ಟ ಕ್ರಮ ಹೀಗಿತ್ತು. ಮೊದಲ ಎರಡು ವಾರ 20 ಮಿ.ಗ್ರಾಂ ಬೆಳಿಗ್ಗೆ ಒಂದು, ರಾತ್ರಿ ಒಂದು. ಆಮೇಲೆ 40 ಮಿ.ಗ್ರಾಂ ಎರಡು ಹೊತ್ತು. ಒಮ್ಮೆಗೇ ಜಾಸ್ತಿ ಶುರುಮಾಡಿದರೆ ಹೊಟ್ಟೆ ತೊಳಸುತ್ತದೆ. ಮೆಲ್ಲಗೆ ಏರಿಸಿದರೂ ನನಗೆ ಮೊದಲ ಐದು ದಿನ ವಾಕರಿಕೆ ಇತ್ತು. ಖಾಲಿ ಹೊಟ್ಟೆಯಲ್ಲಿ ನುಂಗಿದ ದಿನ ಜಾಸ್ತಿ, ಅರ್ಧ ರೊಟ್ಟಿ ತಿಂದು ನುಂಗಿದ ದಿನ ಕಡಿಮೆ. ಬಾಯಿ ಒಣಗುವುದು, ಸುಸ್ತು, ಬೆವರು, ನಿದ್ದೆ ಕೆಡುವುದು, ಮಲಬದ್ಧತೆ ಕೂಡ ಆಗಬಹುದು. ಸಂಭೋಗದ ಶಕ್ತಿಯ ಮೇಲೂ ಪರಿಣಾಮ ಆಗಬಹುದು, ಆಪರೇಷನ್ನಿನಿಂದಲೇ ಆ ತೊಂದರೆ ಇರುವವರು ಡಾಕ್ಟರಿಗೆ ಮುಚ್ಚಿಡಬೇಡಿ. ಮನಸ್ಸು ಕುಗ್ಗಿದರೆ, ಕೆಟ್ಟ ವಿಚಾರ ಬಂದರೆ, ಅದೇ ದಿನ ಹೇಳಿ. ಕ್ಯಾಪ್ಸೂಲ್ ಬಿಚ್ಚಿ ಒಳಗಿನ ಕಾಳನ್ನು ಮಜ್ಜಿಗೆಗೆ ಹಾಕಿ ಕುಡಿಯುವವರಿದ್ದಾರೆ. ಬೇಡ. ಹೊಟ್ಟೆಯ ಆಮ್ಲ ತಾಗದಿರಲಿ ಅಂತ ಆ ಕಾಳುಗಳಿಗೆ ಲೇಪ ಇರುತ್ತದೆ. ಇಡಿಯಾಗಿ ನುಂಗಿ.

ನಾಲ್ಕು ವಾರಕ್ಕೆ ವಹಿಯಲ್ಲಿ 50 ಗ್ರಾಂ ಬರೆದೆ. ದಿನಕ್ಕೆ ಒಂದು ಪ್ಯಾಡು. ನಾಲ್ಕು ವಾರ ಕಳೆದರೂ ತೂಕ ಇಳಿಯದಿದ್ದರೆ ಮುಂದುವರಿಸಬೇಕಾ ಅಂತ ಡಾಕ್ಟರನ್ನು ಕೇಳಿ, ಸುಮ್ನೆ ತಿಂಗಳುಗಟ್ಟಲೆ ನುಂಗಬೇಡಿ.

ಈಗ ಕೌಂಟರಿನಲ್ಲಿ ನಿಂತವನಾಗಿ ನಾಲ್ಕು ಮಾತು, ಇವನ್ನು ದಯವಿಟ್ಟು ಗಮನವಿಟ್ಟು ಓದಿ. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವವರಿಗೆ ಇದೇ ಡುಲೋಕ್ಸೆಟಿನ್ ಕೊಡುತ್ತಾರೆ. ಬೇರೆ ಕಂಪನಿ, ಬೇರೆ ಹೆಸರು. ಒಬ್ಬ ಡಾಕ್ಟರು ಕಾಲಿಗೆ, ಇನ್ನೊಬ್ಬರು ಸೋರಿಕೆಗೆ ಬರೆದರೆ ಒಂದೇ ಔಷಧ ಎರಡು ಪಟ್ಟು ಹೊಟ್ಟೆಗೆ ಹೋಗುತ್ತದೆ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಇರುವ ಔಷಧದ ಹೆಸರು ಓದಿಸಿಕೊಳ್ಳಿ.

ಸಿಪ್ರೊಫ್ಲೊಕ್ಸಾಸಿನ್ ಜೊತೆ ಇದನ್ನು ಕೊಡಬಾರದು. ಡುಲೋಕ್ಸೆಟಿನ್‌ನನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಸಿಪ್ರೊ ತಡೆಯುತ್ತದೆ, ರಕ್ತದಲ್ಲಿ ಮಟ್ಟ ಏರಿಬಿಡುತ್ತದೆ. ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಮೂತ್ರದ ಸೋಂಕು ಬಂದರೆ ಎಷ್ಟೋ ಕಡೆ ಬರೆಯುವುದು ಸಿಪ್ರೊನೇ. ಜುಲೈನಲ್ಲಿ ನನಗೂ ಉರಿ, ಚಳಿಜ್ವರ ಬಂದು ಒಂದು ಕ್ಲಿನಿಕ್ಕಿಗೆ ಹೋದೆ. ಬೇರೆ ಏನು ತೆಗೆದುಕೊಳ್ಳುತ್ತೀರಿ ಅಂತ ಅಲ್ಲಿ ಕೇಳಲಿಲ್ಲ. ಚೀಟಿಯಲ್ಲಿ ಸಿಪ್ರೊ ನೋಡಿ ಬಾಗಿಲಿನಿಂದಲೇ ವಾಪಸ್ ಹೋಗಿ ಹೇಳಿದೆ, ಬೇರೆ ಆಂಟಿಬಯೋಟಿಕ್ ಬರೆದುಕೊಟ್ಟರು. ನಾನು ಔಷಧದವನು, ಗೊತ್ತಾಯಿತು. ಗೊತ್ತಿಲ್ಲದವರು ನುಂಗಿಬಿಡುತ್ತಾರೆ ಅಲ್ವಾ?

ನೋವಿಗೆ ಟ್ರಮಡಾಲ್, ಖಿನ್ನತೆಗೆ ಬೇರೆ ಗುಳಿಗೆ ಇದ್ದರೆ ಹೇಳಲೇಬೇಕು. ಆಸ್ಪಿರಿನ್, ರಕ್ತ ತೆಳುವಾಗಿಸುವ ಗುಳಿಗೆ, ಮೊಣಕಾಲು ನೋವಿನ ಗುಳಿಗೆ ಜೊತೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಯಕೃತ್ತಿನ ಕಾಯಿಲೆ, ದಿನಾ ಕುಡಿತ, ಕಿಡ್ನಿ ತೀರಾ ಕೆಟ್ಟದ್ದು, ಹತೋಟಿಗೆ ಬಾರದ ಬಿಪಿ, ಕಣ್ಣಿನ ಒತ್ತಡದ ಗ್ಲಾಕೋಮಾ ಇದ್ದವರಿಗೆ ಇದು ಸರಿಯಲ್ಲ. ಬೀಡಿ, ಸಿಗರೇಟು ಸೇದುವವರ ರಕ್ತದಲ್ಲಿ ಈ ಔಷಧ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಮೇಲೆ ಕೆಮ್ಮು ಬೇರೆ. ವಯಸ್ಸಾದವರಿಗೆ ಉಪ್ಪಿನ ಅಂಶ ಇಳಿದು ಮಂಕು, ಗೊಂದಲ, ತೂರಾಡುವಿಕೆ ಬಂದರೆ ರಕ್ತದ ಸೋಡಿಯಂ ನೋಡಿಸಿ.

ಕೊನೆಯದು ನಿಲ್ಲಿಸುವ ಬಗೆ. ಒಮ್ಮೆಗೇ ನಿಲ್ಲಿಸಬೇಡಿ. ತಲೆಸುತ್ತು, ವಾಕರಿಕೆ, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಜುಮ್ಮನ್ನುವುದು, ಸಿಟ್ಟು, ಕೆಟ್ಟ ಕನಸು ಬರುತ್ತವೆ. ಆಗಸ್ಟ್‌ನಲ್ಲಿ ನನ್ನದನ್ನು ದಿನಕ್ಕೆ ಒಂದಕ್ಕೆ ಇಳಿಸಿ ಎರಡು ವಾರ ಕೊಟ್ಟು ನಿಲ್ಲಿಸಿದರು. ದೀಪಾವಳಿಗೋ ಜಾತ್ರೆಗೋ ಊರಿಗೆ ಹೋಗುವಾಗ ಗುಳಿಗೆ ಮರೆತು ಹೋಗುವವರು ಇದನ್ನು ನೆನಪಿಡಿ.

ಚೀಲದ ಗುಳಿಗೆಗಳು

ಅವಸರದ ಸೋರಿಕೆಗೆ ಎರಡು ಬಗೆ. ಮೊದಲನೆಯ ಬಗೆ ಸೊಲಿಫೆನಾಸಿನ್, ಟೋಲ್ಟೆರೊಡಿನ್, ಆಕ್ಸಿಬ್ಯುಟಿನಿನ್, ಡಾರಿಫೆನಾಸಿನ್, ಟ್ರೋಸ್ಪಿಯಂ. ಚೀಲದ ಸ್ನಾಯು ಹಿಂಡದಂತೆ ತಡೆಯುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಇವುಗಳ ಬೆಲೆ. ಗ್ಲಾಕೋಮಾ ಇದ್ದವರು, ಮೂತ್ರ ಪೂರ್ತಿ ಹೋಗದವರು ಮೊದಲೇ ಹೇಳಬೇಕು. ಎಪ್ಪತ್ತು ದಾಟಿದವರಿಗೆ, ಅದರಲ್ಲೂ ಆಕ್ಸಿಬ್ಯುಟಿನಿನ್‌ನಿಂದ, ಮರೆವು, ಗೊಂದಲ ಹೆಚ್ಚಬಹುದು. ನಿದ್ದೆಗೋ ನರದ ನೋವಿಗೋ ಅಮಿಟ್ರಿಪ್ಟಿಲಿನ್, ನೆಗಡಿಗೆ ಕ್ಲೋರ್‌ಫೆನಿರಮಿನ್ ಇರುವ ಗುಳಿಗೆ ಜೊತೆ ಸೇರಿದರೆ ಒಣಗುವಿಕೆ, ಮಂಕು, ಮೂತ್ರ ಕಟ್ಟುವುದು ಎಲ್ಲ ಕೂಡಿಕೊಳ್ಳುತ್ತವೆ.

ಎರಡನೆಯದು ಮಿರಾಬೆಗ್ರಾನ್. ಇದು ಬೇರೆ ದಾರಿಯಿಂದ ಚೀಲವನ್ನು ಸಡಿಲಿಸಿ ಜಾಸ್ತಿ ಹಿಡಿಯುವಂತೆ ಮಾಡುತ್ತದೆ. ಬಾಯಿ ಅಷ್ಟಾಗಿ ಒಣಗುವುದಿಲ್ಲ, ಮಲಬದ್ಧತೆ ಕಡಿಮೆ, ತಲೆಗೆ ಮಂಕು ತರುವುದಿಲ್ಲ. ಆದರೆ ಬಿಪಿ ಏರಿಸಬಹುದು. ಬಿಪಿ 180/110 ಅಥವಾ ಅದಕ್ಕಿಂತ ಮೇಲೆ ಇದ್ದರೆ ಕೊಡುವುದೇ ಇಲ್ಲ. ನಮ್ಮ ಭಾವನಿಗೆ ಟಿಯುಆರ್‌ಪಿ ಆದ ಮೊದಲ ಆರು ವಾರ ಡಾಕ್ಟರು ಏನೂ ಕೊಡಲಿಲ್ಲ. ಒಳಗಿನ ಗಾಯ ಹಸಿ ಇರುವ ತನಕ ಅವಸರ ಇದ್ದೇ ಇರುತ್ತದೆ, ಎಷ್ಟೋ ಜನರಿಗೆ ತಾನಾಗೇ ಇಳಿಯುತ್ತದೆ. ಇವರದು ಇಳಿಯಲಿಲ್ಲ. ಟ್ಯಾಮ್ಸುಲೋಸಿನ್ ನಿಲ್ಲಿಸಿದರೂ ಅವಸರ ಉಳಿಯಿತು. ಸ್ಕ್ಯಾನಿಂಗ್‌ನಲ್ಲಿ ಚೀಲ ಖಾಲಿಯಾಗುತ್ತಿದೆ ಅಂತ ಕಂಡ ಮೇಲೆ ಮಿರಾಬೆಗ್ರಾನ್ 25 ಮಿ.ಗ್ರಾಂ ದಿನಕ್ಕೆ ಒಂದು, ನಾಲ್ಕು ವಾರದ ನಂತರ 50. ವಾರಕ್ಕೊಮ್ಮೆ ಅಲ್ಲೇ ಊರಲ್ಲಿ ಬಿಪಿ ನೋಡಿಸಿದರು.

ಎರಡು ವಾರಕ್ಕೆ ಏನೂ ಆಗಲಿಲ್ಲ ಅಂತ ಭಾವ ಬಿಡುವವರಿದ್ದರು, ನಾನು ಫೋನಿನಲ್ಲಿ ತಡೆದೆ. ಈ ಗುಳಿಗೆ ಪೂರ್ತಿ ಕೆಲಸ ತೋರಿಸಲು ಎಂಟು ವಾರ ಬೇಕು. ಸೊಲಿಫೆನಾಸಿನ್‌ಗೂ ನಾಲ್ಕು ವಾರ ಕೊಡಬೇಕು. ಎರಡನ್ನೂ ಮುರಿಯದೆ, ಅಗಿಯದೆ ನುಂಗಬೇಕು. ಜೊತೆಗೆ ಅವರು ಗಡಿಯಾರ ನೋಡಿ ಹೋಗುವುದನ್ನು ಕಲಿತರು. ಮೊದಲು ತಾಸಿಗೊಮ್ಮೆ, ಅವಸರ ಇರಲಿ ಬಿಡಲಿ ಮಗ್ಗದಿಂದ ಏಳುವುದು. ಆಮೇಲೆ ಹದಿನೈದು ನಿಮಿಷ ಹೆಚ್ಚಿಸುತ್ತ ಎರಡೂವರೆ ತಾಸಿಗೆ ತಂದರು. ಅವಸರ ಬಂದಾಗ ಓಡದೆ, ಕೂತಲ್ಲೇ ಐದಾರು ಸಲ ಗೇಟು ಬಿಗಿದರೆ ಆ ಅಲೆ ಇಳಿಯುತ್ತದೆ, ಆಗ ಎದ್ದು ಹೋಗಬೇಕು. ಈಗ ರಾತ್ರಿ ಒಂದೇ ಸಲ ಏಳುತ್ತಾರೆ.

ರಾತ್ರಿ ಮೂತ್ರಕ್ಕೆ ಡೆಸ್ಮೊಪ್ರೆಸಿನ್ ಅಂತ ಇನ್ನೊಂದು ಇದೆ, ಮೂತ್ರ ಹುಟ್ಟುವುದನ್ನೇ ಕಡಿಮೆ ಮಾಡುವುದು. ವಯಸ್ಸಾದವರಲ್ಲಿ ಸೋಡಿಯಂ ಅಪಾಯಕ್ಕೆ ಇಳಿಯಬಹುದು. ಪಕ್ಕದ ಮನೆಯವರು ಕೊಟ್ಟರು ಅಂತ ನುಂಗುವ ಔಷಧ ಅದಲ್ಲ.

ಖರ್ಚಿನ ಮಾತು. ಇವೆಲ್ಲ ಚೀಟಿ ಇಲ್ಲದೆ ಕೊಡಬಾರದ ಔಷಧಗಳು. ಚೀಟಿಯಲ್ಲಿ ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಬೇರೆ ಬೇರೆ ಕಂಪನಿಗಳ ಬೆಲೆಯಲ್ಲಿ ಭಾಳ ವ್ಯತ್ಯಾಸ ಇರುತ್ತದೆ. ಜನೌಷಧಿ ಅಂಗಡಿಯಲ್ಲೂ ಒಮ್ಮೆ ಕೇಳಿ. ಇದನ್ನು ಬೇರೆ ಅಂಗಡಿ ನಡೆಸುವ ನಾನೇ ಹೇಳುತ್ತಿದ್ದೇನೆ, ಯಾಕೆಂದರೆ ದುಡ್ಡಿಲ್ಲ ಅಂತ ಡುಲೋಕ್ಸೆಟಿನ್ ನಡುವೆ ನಿಲ್ಲಿಸಿ ಒದ್ದಾಡಿದವರನ್ನು ನೋಡಿದ್ದೇನೆ.

ಗುಳಿಗೆ ಮುಟ್ಟದೆ ಆಸ್ಪತ್ರೆಗೆ ಹೋಗಬೇಕಾದ ಹೊತ್ತೂ ಇದೆ. ಮೂತ್ರ ಪೂರ್ತಿ ನಿಂತು ಹೊಟ್ಟೆ ಕೆಳಗೆ ಉಬ್ಬಿದರೆ, ರಕ್ತದ ಗಡ್ಡೆ ಬಂದರೆ, ನಡುಕದ ಜ್ವರ ಬಂದರೆ, ಧಾರೆ ದಿನೇ ದಿನೇ ಸಣ್ಣದಾದರೆ ಕಾಯಬೇಡಿ.

ಇಡೀ ಪ್ರಾಸ್ಟೇಟ್ ತೆಗೆಸಿಕೊಂಡವರಿಗೆ ಸುಧಾರಣೆ ಒಂದು ವರ್ಷದ ತನಕವೂ ಆಗುತ್ತಾ ಹೋಗುತ್ತದೆ. ಆರು ತಿಂಗಳು, ವರ್ಷ ಕಳೆದರೂ ದಿನಕ್ಕೆ ಎರಡು ಮೂರು ಪ್ಯಾಡು ತುಂಬುತ್ತಿದ್ದರೆ ಗುಳಿಗೆಗಾಗಿ ಊರೂರು ಅಲೆಯಬೇಡಿ. ಮೂತ್ರನಾಳದ ಕೆಳಗೆ ಪಟ್ಟಿ ಕೂರಿಸುವ ಆಪರೇಷನ್ ಇದೆ. ಜಾಸ್ತಿ ಸೋರುವವರಿಗೆ ಕೃತಕ ಗೇಟೇ ಇದೆ. ನಾಳದ ಸುತ್ತ ನೀರು ತುಂಬಿದ ಒಂದು ಪಟ್ಟಿ, ವೃಷಣದ ಚೀಲದಲ್ಲಿ ಒಂದು ಸಣ್ಣ ಪಂಪು. ಅದನ್ನು ಒತ್ತಿದರೆ ಗೇಟು ತೆರೆಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಮುಚ್ಚುತ್ತದೆ. ಖರ್ಚು ದೊಡ್ಡದು, ಆದರೆ ದಾರಿ ಇದೆ ಅನ್ನುವುದು ಗೊತ್ತಿರಲಿ.

ನನಗೆ ಅದು ಬೇಕಾಗಲಿಲ್ಲ. ಡುಲೋಕ್ಸೆಟಿನ್ ಬಿಟ್ಟ ಮೇಲೆ ಒಂದು ವಾರ ತೂಕ 80ಕ್ಕೆ ಏರಿತು, ವ್ಯಾಯಾಮ ಬಿಡಲಿಲ್ಲ, ಡಿಸೆಂಬರ್ ಹೊತ್ತಿಗೆ 10 ಗ್ರಾಂ ಅಂತ ಬರೆದು ವಹಿ ಮುಚ್ಚಿದೆ. ಈಗ ಬೆಳಗಾವಿಗೆ ಬಸ್ಸಿನಲ್ಲೇ ಹೋಗಿ ಬರುತ್ತೇನೆ. ಮಾರ್ಚ್‌ನಲ್ಲಿ ಪಕ್ಕದ ಗಿರಣಿಗೆ ಮೆಣಸಿನಕಾಯಿ ಮೂಟೆ ಬರತೊಡಗಿದಾಗ ಮಾತ್ರ ಬೆಳಿಗ್ಗೆ ಒಂದು ತೆಳು ಪ್ಯಾಡು ಇಟ್ಟುಕೊಂಡು ಅಂಗಡಿ ತೆರೆಯುತ್ತೇನೆ.